60 ಸಾವಿರದಲ್ಲಿ ಗೇಮಿಂಗ್ ಪಿಸಿ: ಅಂಗಡಿಯವರು ಬರೆದುಕೊಟ್ಟ ಈ ಪಟ್ಟಿ ಸರಿ ಇದೆಯಾ?

ಗಿರಿಮಳೆ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಪಿಯುಸಿ ಮುಗೀತು, ಊರಲ್ಲೇ ಇಂಜಿನಿಯರಿಂಗ್ ಸೇರ್ತಿದ್ದೀನಿ, ಕಂಪ್ಯೂಟರ್ ಸೈನ್ಸ್. ಮನೆಯಿಂದಲೇ ಓಡಾಟ, ಅದಕ್ಕೆ ಲ್ಯಾಪ್‌ಟಾಪ್ ಬದಲು ಡೆಸ್ಕ್‌ಟಾಪ್ ಸಾಕು ಅಂತ ಅಪ್ಪನನ್ನ ಒಪ್ಪಿಸಿದ್ದೀನಿ. ಮಾನಿಟರ್ ಸೇರಿ 60 ಸಾವಿರ, ಅದರ ಮೇಲೆ ಒಂದು ರೂಪಾಯಿನೂ ಕೇಳೋ ಹಾಗಿಲ್ಲ. ಕೀಬೋರ್ಡ್, ಮೌಸ್ ಇದೆ. ಆಡೋದು ವ್ಯಾಲರಂಟ್, ಸಿಎಸ್2, ಜಿಟಿಎ 5. ರೆಡ್ ಡೆಡ್ 2 ಒಂದ್ಸಲ ಪೂರ್ತಿ ಮುಗಿಸ್ಬೇಕು ಅಂತ ಬಹಳ ಆಸೆ. ಓದಿಗೆ ಪೈಥಾನ್, ಆಮೇಲೆ ಸ್ವಲ್ಪ ಬ್ಲೆಂಡರ್ (3ಡಿ ಚಿತ್ರ ಮಾಡೋ ಸಾಫ್ಟ್‌ವೇರ್) ಕಲೀಬೇಕು.

ಇಲ್ಲಿನ ಒಂದು ಅಂಗಡಿಯಲ್ಲಿ ಬರೆದುಕೊಟ್ಟ ಚೀಟಿ ಇದು, ಹೇಗಿದೆಯೋ ಹಾಗೇ ಹಾಕ್ತಿದ್ದೀನಿ:

ಪ್ರೊಸೆಸರ್ ಐ3 12ನೇ ಜನರೇಶನ್
ಬೋರ್ಡ್ ಎಚ್610
ರ್‍ಯಾಮ್ 8 ಜಿಬಿ
ಎಸ್‌ಎಸ್‌ಡಿ 512 ಜಿಬಿ
ಗ್ರಾಫಿಕ್ಸ್ ಆರ್‌ಎಕ್ಸ್ 6500, 4 ಜಿಬಿ
ಕ್ಯಾಬಿನೆಟ್ ಆರ್‌ಜಿಬಿ, 450 ವ್ಯಾಟ್ ಎಸ್‌ಎಂಪಿಎಸ್ ಸಮೇತ
ಮಾನಿಟರ್ 22 ಇಂಚು
ಒಟ್ಟು 57,500

ಒಬ್ಬ ಫ್ರೆಂಡ್ ಐ5 ಇಲ್ಲದೆ ಗೇಮಿಂಗ್ ಪಿಸಿನೇ ಅಲ್ಲ ಅಂತಾನೆ. ಇನ್ನೊಬ್ಬ ಕಾರ್ಡ್ ಬದಲಾಯಿಸು ಅಂತಾನೆ. ಗೊತ್ತಿರೋರು ದಯವಿಟ್ಟು ಹೇಳಿ.

ಎಸ್‌ಪಿ ರೋಡ್ ಸುತ್ತಾಟ (ಬೆಂಗಳೂರು)

ತಮ್ಮ, ಈ ಚೀಟಿಯಲ್ಲಿ ಒಂದು ಸಾಮಾನಿನ ಪೂರ್ತಿ ಹೆಸರೂ ಇಲ್ಲ. ಮೊದಲು ಅದನ್ನ ಸರಿಮಾಡಿಸ್ಕೋ. ಬಜೆಟ್ ಪಿಸಿಯಲ್ಲಿ ದುಡ್ಡು ಹೋಗೋದು ಹೆಸರಿನ ಕೊನೇ ಎರಡು ಅಕ್ಷರದಲ್ಲಿ.

ಐ3 12ನೇ ಜನರೇಶನ್ ಅಂದ್ರೆ 12100 ಇರಬಹುದು, 12100ಎಫ್ ಇರಬಹುದು. ಎಫ್ ಇದ್ರೆ ಒಳಗೆ ಗ್ರಾಫಿಕ್ಸ್ ಇರಲ್ಲ, ಬೆಲೆ ಕಮ್ಮಿ ಇರಬೇಕು. ಎಫ್ ಇಲ್ಲದ್ದರ ರೇಟ್ ಹಾಕಿ ಎಫ್ ಕೊಟ್ರೆ ನಿನಗೆ ಗೊತ್ತೂ ಆಗಲ್ಲ. ರ್‍ಯಾಮ್ 8 ಜಿಬಿ ಅಂತ ಇದೆ, ಒಂದೇ ಸ್ಟಿಕ್ಕಾ ಎರಡಾ, ಯಾವ ಸ್ಪೀಡ್, ಏನೂ ಇಲ್ಲ. ಎಸ್‌ಎಸ್‌ಡಿ ನಿಧಾನದ ಸಾಟಾನೋ ವೇಗದ ಎನ್‌ವಿಎಂಇನೋ ಬರೆದಿಲ್ಲ. ಎಸ್‌ಎಂಪಿಎಸ್, ಅಂದ್ರೆ ಒಳಗಿನ ಸಾಮಾನಿಗೆಲ್ಲ ಕರೆಂಟ್ ಕೊಡೋ ಡಬ್ಬ, ಯಾವ ಕಂಪನಿದು? ಮಾನಿಟರ್ ಎಷ್ಟು ಹರ್ಟ್ಜ್, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಯಿಸತ್ತೆ?

ಇಲ್ಲಿ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಲ್ಲಿ ನಾನು ಯಾರ ಜೊತೆ ಹೋದ್ರೂ ಮೊದಲು ಮಾಡ್ಸೋ ಕೆಲಸ ಇದೇ: ಪ್ರತಿ ಸಾಮಾನಿಗೂ ಕಂಪನಿ, ಪೂರ್ತಿ ಮಾಡೆಲ್, ಬೇರೆ ಬೇರೆ ಬೆಲೆ. ಒಟ್ಟು ಮೊತ್ತ ಮಾತ್ರ ಹೇಳೋ ಅಂಗಡಿಯಲ್ಲಿ ಚೌಕಾಸಿಗೆ ಕೂರೋದೇ ವ್ಯರ್ಥ, ಯಾಕಂದ್ರೆ ನೀನು ಸಾವಿರ ಇಳಿಸಿದ್ರೆ ಅವರು ಒಳಗಿನ ಸಾಮಾನೊಂದನ್ನ ಇಳಿಸ್ತಾರೆ.

ಆ ಆರ್‌ಎಕ್ಸ್ 6500 ಅಂದ್ರೆ 6500 ಎಕ್ಸ್‌ಟಿ ಇರಬೇಕು. ಅದು ಬೇಡ. ಯಾಕೆ ಅಂತ ಕೆಳಗೆ ಯಾರಾದ್ರೂ ಬರೀತಾರೆ, ಈಗ ಡ್ಯೂಟಿಗೆ ಹೊರಟಿದ್ದೀನಿ.

ಪಿಕ್ಸೆಲ್ ಪಡಸಾಲೆ (ತುಮಕೂರು)

ನಾನೇ ಬರೀತೀನಿ. 6500 ಎಕ್ಸ್‌ಟಿ 2022ರ ಜನವರಿಯಲ್ಲಿ ಬಂತು. ಬೋರ್ಡಿನ ದೊಡ್ಡ ಸ್ಲಾಟಲ್ಲಿ 16 ಪಿಸಿಐಇ ಲೇನ್ (ಡೇಟಾ ಓಡಾಡೋ ದಾರಿ) ಇರತ್ತೆ, ಈ ಕಾರ್ಡ್ ಬಳಸೋದು ಬರೀ 4. ಹೊಸ ಪಿಸಿಐಇ 4.0 ಬೋರ್ಡಲ್ಲಿ ಹೇಗೋ ನಡೆಯತ್ತೆ. ಹಳೇ 3.0 ಬೋರ್ಡಿಗೆ ಹಾಕಿದ್ರೆ ಆ ದಾರಿ ಮತ್ತೆ ಅರ್ಧ ಆಗತ್ತೆ. ಮೆಮೊರಿ 4 ಜಿಬಿ ತುಂಬಿದ ಮೇಲೆ ಟೆಕ್ಸ್‌ಚರ್‌ಗಳು ಸಿಸ್ಟಮ್ ರ್‍ಯಾಮಿಂದ ಆ ಇಕ್ಕಟ್ಟು ದಾರಿಯಲ್ಲೇ ಬರಬೇಕು, ಅಲ್ಲೇ ಗೇಮ್ ತಡವರಿಸೋದು. ಇದರಲ್ಲಿ ವಿಡಿಯೋ ಎನ್‌ಕೋಡರ್ ಕೂಡ ಇಲ್ಲ, ಗೇಮ್ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕ್ಬೇಕು ಅಂದ್ರೆ ಪೂರ್ತಿ ಭಾರ ಪ್ರೊಸೆಸರ್ ಮೇಲೆ.

ನಿನ್ನ ಬಜೆಟ್ಟಿಗೆ ಆರ್‌ಎಕ್ಸ್ 6600 ನೋಡು. 2021ರ ಅಕ್ಟೋಬರಿನ ಕಾರ್ಡ್, ಹಳೇದೇ. ಆದ್ರೆ 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ ಎಂಟು ಪಿನ್ ಕನೆಕ್ಟರ್. ಲೇನ್ 8 ಇರೋದ್ರಿಂದ 3.0 ಬೋರ್ಡಲ್ಲಿ ಹಾಕಿದ್ರೂ ಹೆಚ್ಚು ಕಳ್ಕೊಳ್ಳಲ್ಲ. 1080ಪಿಯಲ್ಲಿ ನೀನು ಹೇಳಿದ ನಾಲ್ಕೂ ಗೇಮ್ ಇದರಲ್ಲಿ ಚೆನ್ನಾಗಿ ಓಡತ್ತೆ.

ಐ5 ಅಂತ ಹೇಳಿದ ಫ್ರೆಂಡಿಗೆ ಒಂದು ವಿಷಯ ಹೇಳು. "ಕೋರ್ ಐ7 ಗೇಮಿಂಗ್ ಪಿಸಿ" ಅಂತ ಆನ್‌ಲೈನಲ್ಲಿ ಅಗ್ಗಕ್ಕೆ ಮಾರೋದ್ರಲ್ಲಿ ಎಷ್ಟೋ ಸಲ ಇರೋದು 2012ರ ಐ7 3770. ಇವತ್ತಿನ ಐ3 12100 ಗೇಮಲ್ಲಿ ಅದನ್ನ ಆರಾಮಾಗಿ ಹಿಂದೆ ಹಾಕತ್ತೆ. ಐ3, ಐ5 ಅನ್ನೋದಕ್ಕಿಂತ ಅದರ ಮುಂದಿನ ನಂಬರ್ ಮುಖ್ಯ.

ಬೋರ್ಡ್ ಡಾಕ್ಟರ್ (ಹುಬ್ಬಳ್ಳಿ)

ಎಲ್ಲಾರೂ ಕಾರ್ಡ್ ಬಗ್ಗೆ ಮಾತಾಡಾಕತ್ತೀರಿ. ಆ ಚೀಟಿ ಒಳಗ ನನಗ ಮೊದಲ ಕಣ್ಣಿಗೆ ಬಿದ್ದದ್ದು "450 ವ್ಯಾಟ್ ಎಸ್‌ಎಂಪಿಎಸ್ ಸಮೇತ" ಅನ್ನೂದು. ರಿಪೇರಿ ಟೇಬಲ್ ಮ್ಯಾಲೆ ಕೂತಾವ್ರಿಗೆ ಆ ಸಮೇತ ಅಂದ್ರ ಏನಂತ ಗೊತ್ತೈತಿ.

ತಮ್ಮಾ, ಅಂಗಡಿಗೆ ಹೋದಾಗ ಆ ಎಸ್‌ಎಂಪಿಎಸ್ ಕೈಯಾಗ ಹಿಡದ ನೋಡು, ಆಮ್ಯಾಲೆ ಪಕ್ಕಕ್ಕ ಅಂಟಿಸಿದ ಲೇಬಲ್ ಓದು. ದೊಡ್ಡ ಅಕ್ಷರದಾಗ 450 ಅಂತ ಇರತೈತಿ, ಅದನ್ನ ಬಿಡು. ಕೆಳಗ ಒಂದು ಸಣ್ಣ ಕೋಷ್ಟಕ ಇರತೈತಿ: +3.3, +5, +12 ವೋಲ್ಟ್. ಪ್ರೊಸೆಸರ್ ಮತ್ತ ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳಿಯೂದು +12 ಸಾಲಿನಿಂದ. ಅಲ್ಲಿ 18 ಆಂಪಿಯರ್ ಅಂತ ಇತ್ತಂದ್ರ 12 ಇಂಟು 18, ಅಂದ್ರ 216 ವ್ಯಾಟ್. ಹೆಸರಿಗೆ 450, ಕೆಲಸಕ್ಕ ಬರೂದು ಅರ್ಧಕ್ಕಿಂತ ಕಡಿಮಿ. ಒಳ್ಳೆ 450ರ ಲೇಬಲ್ ಮ್ಯಾಲೆ ಆ ಜಾಗದಾಗ 36-37 ಆಂಪಿಯರ್ ಇರತೈತಿ.

ಇನ್ನೊಂದು ಗುರುತು: ಕಾರ್ಡಿಗೆ ಹೋಗೂ ಎಂಟು ಪಿನ್ ವೈರ್ ಎಸ್‌ಎಂಪಿಎಸ್‌ನಿಂದಲೇ ಹೊಂಟಿರಬೇಕು. ಅದು ಇಲ್ಲದ, ಎರಡು ಮೋಲೆಕ್ಸ್ (ಹಳೇ ನಾಕು ಪಿನ್ ಪ್ಲಗ್) ಕೂಡಿಸಿ ಎಂಟು ಪಿನ್ ಮಾಡೂ ಅಡಾಪ್ಟರ್ ಕೊಡತಾರಲ್ಲ, ಅದು ಕರಗಿ ಬೋರ್ಡ್ ಸಮೇತ ನನ್ನ ಕಡೆ ಬಂದಿದ್ದು ಭಾಳ ಅದಾವು. 80 ಪ್ಲಸ್ ಬ್ರಾಂಜ್ ಅಂತ ಬರದಿರೂದು ಕರೆಂಟ್ ಎಷ್ಟು ಪೋಲಾಗತೈತಿ ಅನ್ನೂ ಲೆಕ್ಕ ಅಷ್ಟ, ಒಳಗಿನ ಸಾಮಾನು ಗಟ್ಟಿ ಐತೆಂಬೋದಕ್ಕ ಅದು ಸಾಕ್ಷಿ ಅಲ್ಲ. ಡೀಪ್‌ಕೂಲ್ ಪಿಕೆ550ಡಿ, ಕೋರ್ಸೇರ್, ಕೂಲರ್ ಮಾಸ್ಟರ್ ಎಂಡಬ್ಲ್ಯೂಇ ಇಂಥವ್ರಾಗ 550 ವ್ಯಾಟಿಂದು ಒಂದು ತಗೋ. ಮುಂದ ಕಾರ್ಡ್ ಬದಲಿ ಮಾಡಿದ್ರೂ ಅದ ನಡೀತೈತಿ.

ಕಾವೇರಿ ರೆಂಡರ್ (ಮೈಸೂರು)

ಬ್ಲೆಂಡರ್ ಅಂದಿದ್ದಕ್ಕೆ ಬಂದೆ, ನನ್ನ ಕೆಲಸವೇ ಅದು. ಇಲ್ಲಿ ಎಎಂಡಿಯ ರೇಡಿಯಾನ್ ಆರ್‌ಎಕ್ಸ್ 6600 ಅಂತಿದ್ದಾರೆ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬ್ಲೆಂಡರಲ್ಲಿ ಕೊನೇ ಚಿತ್ರ ತಯಾರಿಸೋ ಸೈಕಲ್ಸ್ ರೆಂಡರ್ ರೇಡಿಯಾನಲ್ಲೂ ಎಎಂಡಿಯ ಎಚ್‌ಐಪಿ ಮೂಲಕ ಓಡತ್ತೆ, ಆದರೆ ಅದೇ ಕೆಲಸಕ್ಕಿರೋ ಎನ್‌ವಿಡಿಯಾದ ಆಪ್ಟಿಕ್ಸ್ ಎಷ್ಟೋ ಮುಂದಿದೆ. ನಾಳೆ ಮಶೀನ್ ಲರ್ನಿಂಗ್ ಅಂತ ಹೊರಟರೆ ಎನ್‌ವಿಡಿಯಾ ಕಾರ್ಡಲ್ಲಿ ಮಾತ್ರ ಇರೋ ಕೂಡಾ (CUDA) ತಂತ್ರಜ್ಞಾನ ಬೇಕೇ ಬೇಕು ಅನ್ನೋ ಪ್ರಾಜೆಕ್ಟ್‌ಗಳು ಸಿಗುತ್ತವೆ.

ಎನ್‌ವಿಡಿಯಾ ಕಡೆ ಹೋದರೆ ಒಂದು ಎಚ್ಚರ. ಆರ್‌ಟಿಎಕ್ಸ್ 3050 ಅನ್ನೋ ಹೆಸರಲ್ಲಿ ಎರಡು ಕಾರ್ಡ್ ಇವೆ. 2022ರದ್ದು 8 ಜಿಬಿ, 2560 ಕೂಡಾ ಕೋರ್, 130 ವ್ಯಾಟ್. 2024ರದ್ದು 6 ಜಿಬಿ, 2304 ಕೋರ್, ಮೆಮೊರಿ ಬಸ್ 128ರಿಂದ 96 ಬಿಟ್‌ಗೆ ಇಳಿದಿದೆ, 70 ವ್ಯಾಟ್. ಡಬ್ಬದ ಮೇಲೆ ಎರಡೂ 3050. ಬರೀ 2 ಜಿಬಿ ವ್ಯತ್ಯಾಸ ಅಂದ್ಕೊಂಡು ಜನ ತಗೋತಾರೆ. ಹೊಸದಾಗಿ ನೋಡೋದಾದರೆ 2025ರ ಆರ್‌ಟಿಎಕ್ಸ್ 5050, 8 ಜಿಬಿ. ಇನ್ನು ಫ್ರೇಮ್ ಜನರೇಶನ್ (ಎರಡು ಫ್ರೇಮ್ ನಡುವೆ ಕಾರ್ಡೇ ಹೊಸದನ್ನ ಸೃಷ್ಟಿಸಿ ಸೇರಿಸೋದು) ಹಾಕಿ ತೋರಿಸೋ ದೊಡ್ಡ ಎಫ್‌ಪಿಎಸ್ ನೋಡಿ ಮಾರುಹೋಗಬೇಡ. ಮೂಲದಲ್ಲಿ 30 ಫ್ರೇಮ್ ಇದ್ದರೆ ಮೌಸ್ ಅಲ್ಲಾಡಿಸಿದಾಗ ಕೈಗೆ ಸಿಗೋದು ಆ 30ರ ಅನುಭವವೇ.

ಪಿಕ್ಸೆಲ್ ಪಡಸಾಲೆ

ಅಕ್ಕ, ಆಪ್ಟಿಕ್ಸ್ ಬಗ್ಗೆ ನೀವು ಹೇಳಿದ್ದು ಸರಿ. ಆದ್ರೆ ಹುಡುಗ ಬರೆದಿರೋದು "ಸ್ವಲ್ಪ ಬ್ಲೆಂಡರ್". ಮಾಡೆಲಿಂಗ್ ಕಲಿಯೋ ಹಂತಕ್ಕೆ 6600 ಧಾರಾಳ ಆಯ್ತು. ಪೈಥಾನ್ ಕಲಿಯೋಕೆ ಗ್ರಾಫಿಕ್ಸ್ ಕಾರ್ಡೇ ಬೇಡ. ಮಶೀನ್ ಲರ್ನಿಂಗ್ ಬಂದಾಗ ಗೂಗಲ್ ಕೊಲ್ಯಾಬಲ್ಲಿ ಉಚಿತವಾಗಿ ಸಿಗೋ ಎನ್‌ವಿಡಿಯಾ ಜಿಪಿಯುನಲ್ಲೇ ಮೊದಲ ವರ್ಷದ ಕಲಿಕೆ ಮುಗಿಯತ್ತೆ. 5050 ತಗೊಂಡ್ರೆ ಬೇರೆಲ್ಲ ಸಾಮಾನು ಇಳಿಸ್ಬೇಕಾಗತ್ತೆ, 60 ಸಾವಿರದ ಗೆರೆ ಇದೆಯಲ್ಲ.

6600ರ ವಿರುದ್ಧ ಹೇಳಬೇಕಾದ ಮಾತನ್ನೂ ಹೇಳ್ಬಿಡ್ತೀನಿ: 2025ರ ಕೊನೆಯಲ್ಲಿ ಎಎಂಡಿ ತನ್ನ 5000, 6000 ಸರಣಿಯ ಡ್ರೈವರನ್ನ ಬೇರೆ ಕವಲಿಗೆ ಹಾಕ್ತು. ಹೊಸ ಸೌಲಭ್ಯಗಳು ಇನ್ನು ಹೆಚ್ಚಾಗಿ 7000, 9000 ಸರಣಿಗೇ. ಇರೋ ಗೇಮ್ ಓಡೋದಕ್ಕೆ ತೊಂದರೆ ಇಲ್ಲ, ಆದ್ರೆ ತಗೊಳ್ಳೋವಾಗ ತಿಳಿದಿರಲಿ.

ಕಾವೇರಿ ರೆಂಡರ್

ಬಜೆಟ್ ಗೆರೆ ಅಷ್ಟು ಗಟ್ಟಿ ಇದ್ದರೆ ಸರಿ, ಒಪ್ಪಿದೆ. ಬ್ಲೆಂಡರ್ ಕೈ ಹಿಡಿದ ಮೇಲೆ ಕಾರ್ಡ್ ಬದಲಾಯಿಸಬಹುದು.

ಗಿರಿಮಳೆ

ಇಷ್ಟೊಂದು ಮಾಹಿತಿ ಸಿಗತ್ತೆ ಅಂತ ಅಂದ್ಕೊಂಡೇ ಇರಲಿಲ್ಲ, ಥ್ಯಾಂಕ್ಸ್ ಎಲ್ಲರಿಗೂ. ಪ್ರೊಸೆಸರ್ ಮತ್ತೆ ರ್‍ಯಾಮ್ ಏನ್ಮಾಡಲಿ? ಯೂಟ್ಯೂಬಲ್ಲಿ ಎಲ್ಲರೂ ಎಎಂ5 (ಎಎಂಡಿ ಪ್ರೊಸೆಸರಿನ ಹೊಸ ಸಾಕೆಟ್) ತಗೊಳ್ಳಿ, ಮುಂದೆ ಅಪ್‌ಗ್ರೇಡ್ ಆಗತ್ತೆ ಅಂತಾರೆ. ರ್‍ಯಾಮ್ ಬೆಲೆ ನೋಡಿ ಗಾಬರಿ ಆಯ್ತು.

ಎಸ್‌ಪಿ ರೋಡ್ ಸುತ್ತಾಟ

ಆ ವಿಡಿಯೋಗಳ ತಾರೀಖು ನೋಡು. 2025ರ ಕೊನೆಯಿಂದ ರ್‍ಯಾಮ್ ಮಾರ್ಕೆಟ್ಟೇ ಬೇರೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನ ಬಾಚಿಕೊಳ್ತಿವೆ, ಕಂಪನಿಗಳಿಗೂ ಅಲ್ಲೇ ಲಾಭ ಜಾಸ್ತಿ. ಕ್ರೂಶಿಯಲ್ ಹೆಸರಲ್ಲಿ ನಮ್ಮಂಥವರಿಗೆ ರ್‍ಯಾಮ್, ಎಸ್‌ಎಸ್‌ಡಿ ಮಾರ್ತಿದ್ದ ಮೈಕ್ರಾನ್, ಆ ವ್ಯಾಪಾರದಿಂದಲೇ ಹೊರಗೆ ಹೋಗ್ತೀವಿ ಅಂತ 2025ರ ಡಿಸೆಂಬರಲ್ಲಿ ಹೇಳ್ತು. ಎಎಂ5 ಬೋರ್ಡಿಗೆ ಹೊಸ ಮಾದರಿಯ ಡಿಡಿಆರ್5 ರ್‍ಯಾಮ್ ಬಿಟ್ರೆ ಬೇರೆ ಕೂರಲ್ಲ. ನಿನ್ನ ದುಡ್ಡಲ್ಲಿ ಆ ದಾರಿ ಹಿಡಿದ್ರೆ ಕಾರ್ಡಿಗೆ ಏನೂ ಉಳಿಯಲ್ಲ.

ಹಿಂದಿನ ಸಾಕೆಟ್ ಎಎಂ4ರಲ್ಲಿ ಎಎಂಡಿಯ ರೈಜೆನ್ 5 5600 ತಗೋ. 6 ಕೋರ್, 12 ಥ್ರೆಡ್, ಡಬ್ಬದಲ್ಲೇ ಕೂಲರ್ ಬರತ್ತೆ. ಇಲ್ಲೂ ಹೆಸರಿನ ಬಲೆ ಇದೆ: 5500 ಅಂತ ಒಂದಿದೆ, ಸ್ವಲ್ಪ ಅಗ್ಗ. ಅದರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರಲ್ಲಿ 32. ವ್ಯಾಲರಂಟ್, ಸಿಎಸ್2 ಥರ ಪ್ರೊಸೆಸರ್ ಮೇಲೆ ನಿಂತ ಗೇಮಲ್ಲಿ ಆ ಕ್ಯಾಶ್ ಎದ್ದು ಕಾಣತ್ತೆ. ಇಂಟೆಲ್ ಕಡೆ ಐ5 12400ಎಫ್ ಡಿಡಿಆರ್4 ಬೋರ್ಡ್ ಸಮೇತ ಕಮ್ಮಿಗೆ ಸಿಕ್ಕಿದ್ರೆ ಅದೂ ಒಳ್ಳೇದೇ, ಕಣ್ಣುಮುಚ್ಚಿ ತಗೋ.

5600ಕ್ಕೆ ತಗೊಳ್ಳೋ ಬೋರ್ಡ್ ಬಿ450 ಹಳೇ ಸ್ಟಾಕ್ ಆಗಿದ್ರೆ ಬಯೋಸ್ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ಹೊಸದಿದೆಯಾ ಕೇಳು, ಇಲ್ಲಾಂದ್ರೆ 5600 ಹಾಕಿದ್ರೂ ಸ್ಕ್ರೀನ್ ಕಪ್ಪಗೇ ಇರತ್ತೆ. ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಂಡು ಬಾ.

ರ್‍ಯಾಮ್ 8+8, ಡಿಡಿಆರ್4 3200. ಎರಡು ಸ್ಟಿಕ್ ಯಾಕೆ ಅಂದ್ರೆ ಒಂದೇ ಹಾಕಿದ್ರೆ ಮೆಮೊರಿ ಬ್ಯಾಂಡ್‌ವಿಡ್ತ್ ಅರ್ಧ. ಡಿಡಿಆರ್4ನ ಬೆಲೆನೂ ಏರಿದೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡೋದಕ್ಕೆ ಹಿಂಜರೀಬೇಡ. ರ್‍ಯಾಮ್ ಸವೆಯೋ ವಸ್ತು ಅಲ್ಲ. ರಾತ್ರಿ ಮೆಮ್‌ಟೆಸ್ಟ್86 ಹಾಕಿ ಬಿಡು, ಬೆಳಗ್ಗೆ ಎರರ್ ಸೊನ್ನೆ ಇದ್ರೆ ಇಟ್ಕೋ.

ಹಳೇ ಡಬ್ಬ (ಬೆಂಗಳೂರು)

ಇನ್ನೂ ಕಮ್ಮಿ ದುಡ್ಡಿರೋರು ಇದನ್ನ ಓದ್ತಿದ್ರೆ ಅವರಿಗಾಗಿ. ಐಟಿ ಕಂಪನಿಗಳಿಂದ ಹೊರಬಿದ್ದ ಡೆಲ್, ಎಚ್‌ಪಿ ಆಫೀಸ್ ಡೆಸ್ಕ್‌ಟಾಪ್‌ಗಳು ಬೆಂಗಳೂರಲ್ಲಿ ಬೇಕಾದಷ್ಟು ಸಿಗ್ತಾವೆ. ಎಂಟನೇ ಜನರೇಶನ್ ಅಥವಾ ಮೇಲಿನದು ಮಾತ್ರ ನೋಡಿ, ಉದಾಹರಣೆಗೆ ಐ5 8500. ಅದಕ್ಕಿಂತ ಹಳೇ ಇಂಟೆಲ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡೋಕೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ಸೌಲಭ್ಯ ಎರಡೂ ಆನ್ ಇರಬೇಕು.

ಇವುಗಳ ಎಸ್‌ಎಂಪಿಎಸ್ ಕಂಪನಿಯದ್ದೇ ವಿಶೇಷ ಅಳತೆ, ಎಂಟು ಪಿನ್ ಇರಲ್ಲ. ಇಲ್ಲಿ ಅಕ್ಕ ಬೇಡ ಅಂದ 3050 6 ಜಿಬಿ ಕೆಲಸಕ್ಕೆ ಬರತ್ತೆ: 70 ವ್ಯಾಟ್, ಬೇರೆ ವೈರ್ ಬೇಡ, ಸ್ಲಾಟಿಂದಲೇ ಕರೆಂಟ್. ಸಣ್ಣ ಡಬ್ಬಕ್ಕೆ ಲೋ ಪ್ರೊಫೈಲ್ (ಗಿಡ್ಡ ಕಾರ್ಡ್) ಕೇಳಿ ತಗೊಳ್ಳಿ.

ರೈನ್ ನದಿ ದಂಡೆ (ಜರ್ಮನಿ)

ವಿದೇಶದಿಂದ ಚಿಕ್ಕಮಗಳೂರಿಗೆ ಬರೋರು ಯಾರಾದ್ರೂ ಇದ್ದರೆ ಕಾರ್ಡ್ ತರಿಸಿಕೊಳ್ಳೋದು ಹೇಗೆ ಅಂತ ಇಂಥ ಚರ್ಚೆಯಲ್ಲಿ ಯಾವಾಗಲೂ ಬರತ್ತೆ. ವಾರಂಟಿ ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಕೊಂಡ ದೇಶಕ್ಕೆ ಸೀಮಿತ. ಇಲ್ಲಿ ಕೊಂಡ ಕಾರ್ಡ್ ಅಲ್ಲಿ ಕೆಟ್ಟರೆ ಇಲ್ಲಿಗೇ ಕಳಿಸಬೇಕು. ಸ್ವಲ್ಪ ಉಳಿತಾಯಕ್ಕೋಸ್ಕರ ಈ ತಾಪತ್ರಯ ಬೇಡ.

ಬಿಸಿಲೂರು (ರಾಯಚೂರು)

ಕ್ಯಾಬಿನೆಟ್ ಬಗ್ಗೆ ಒಂದ್ ಮಾತ್. ಮುಂದ್ಗಡೆ ಪೂರ್ತಿ ಗಾಜು ಇರೋದು ತಗೋಬ್ಯಾಡ್ರಿ, ಗಾಳಿ ಎಲ್ಲಿಂದ ಒಳಗ ಹೋಗ್ಬೇಕು? ಮೆಶ್ (ಜಾಲರಿ) ಇರೋದು ತಗೋರಿ. ನಮ್ಮಲ್ಲಿ ಬ್ಯಾಸಿಗ್ಯಾಗ 42 ಡಿಗ್ರಿ ದಾಟ್ತದ, ಅಂಥಾದ್ರಾಗೂ ಮುಂದ ಎರಡು ಹಿಂದ ಒಂದು ಫ್ಯಾನ್ ಇದ್ರ ನಡೀತದ.

ಗಿರಿಮಳೆ

ಲೆಕ್ಕ ಹಾಕ್ದೆ. 5600, ಬಿ450, 8+8, ಪಿಕೆ550ಡಿ, ಮೆಶ್ ಕ್ಯಾಬಿನೆಟ್, 24 ಇಂಚಿನ 100 ಹರ್ಟ್ಜ್ ಐಪಿಎಸ್ ಮಾನಿಟರ್ ಇಷ್ಟಕ್ಕೆ ಹೊಸ 6600 ಸೇರಿಸಿದ್ರೆ 60 ದಾಟತ್ತೆ. ಮಾನಿಟರ್ ಇಳಿಸ್ಲಾ, ಇಲ್ಲ ಕಾರ್ಡ್ ಸೆಕೆಂಡ್ ಹ್ಯಾಂಡ್ ನೋಡ್ಲಾ? ಎಸ್‌ಎಸ್‌ಡಿ ಈಗ 512, ಆಮೇಲೆ ಇನ್ನೊಂದು ಹಾಕ್ಕೋತೀನಿ.

ಪಿಕ್ಸೆಲ್ ಪಡಸಾಲೆ

ಮಾನಿಟರ್ ಇಳಿಸ್ಬೇಡ. ಮುಂದಿನ ಎರಡು ಕಂಪ್ಯೂಟರಿಗೂ ಅದೇ ಇರತ್ತೆ. 512 ಸಾಕು, ಆದ್ರೆ ರೆಡ್ ಡೆಡ್ 2 ಒಂದೇ 150 ಜಿಬಿ ಕೇಳತ್ತೆ, ಲೆಕ್ಕ ಇರಲಿ. ಕಾರ್ಡ್ ಸೆಕೆಂಡ್ ಹ್ಯಾಂಡ್ ನೋಡು.

2022ರ ಸೆಪ್ಟೆಂಬರಲ್ಲಿ ಇಥೀರಿಯಮ್ ಅನ್ನೋ ಕ್ರಿಪ್ಟೋ ಕರೆನ್ಸಿಯ ಪದ್ಧತಿ ಬದಲಾಗಿ, ಕಾರ್ಡ್ ಓಡಿಸಿ ಅದನ್ನ ಗಳಿಸೋ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡ್‌ಗಳು ರಾಶಿ ರಾಶಿ ಮಾರ್ಕೆಟ್ಟಿಗೆ ಬಂದ್ವು, ಇನ್ನೂ ಕೈ ಬದಲಾಯಿಸ್ತಾನೇ ಇದಾವೆ. ಮೈನಿಂಗ್ ಮಾಡಿದ್ದೆಲ್ಲ ಕೆಟ್ಟದ್ದಲ್ಲ. ಆದ್ರೆ ಓಡಿಸಿ ನೋಡದೆ ದುಡ್ಡು ಕೊಡಬಾರದು. ಮಾರೋರ ಮನೇಲೋ ಅಂಗಡೀಲೋ ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ಸಾಫ್ಟ್‌ವೇರ್ ತೆಗೆಸು. 6600 ಅಂದ್ರೆ ಶೇಡರ್ಸ್ 1792 ಅಂತ ಇರಬೇಕು, ಮೆಮೊರಿ 8192 ಎಂಬಿ. ಹಳೇ ಚಿಪ್ಪಿಗೆ ಸುಳ್ಳು ಬಯೋಸ್ ಹಾಕಿ 1050 ಟಿಐ ಅಂತ ಮಾರಿದ್ದನ್ನ ಇದೇ ಸಾಫ್ಟ್‌ವೇರ್ ಎಷ್ಟೋ ಸಲ ಫೇಕ್ ಅಂತ ತೋರಿಸತ್ತೆ. ಆರ್‌ಎಕ್ಸ್ 580 ಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ ಅದು ಶೇಡರ್ಸ್ ಕಮ್ಮಿ ಇರೋ 2048ಎಸ್‌ಪಿನಾ ಕೇಳು, ಮೂಲ 580ರಲ್ಲಿ 2304 ಇರತ್ತೆ.

ಆಮೇಲೆ ಕಾರ್ಡಿಗೆ ಪೂರ್ತಿ ಭಾರ ಹಾಕೋ ಫರ್ಮಾರ್ಕ್ ಟೆಸ್ಟ್ ಹದಿನೈದು ನಿಮಿಷ, ಒಂದು ಗೇಮ್ ಅರ್ಧ ಗಂಟೆ. ಸ್ಕ್ರೀನಲ್ಲಿ ಚುಕ್ಕಿ, ಗೆರೆ ಬರಬಾರದು, ಫ್ಯಾನ್ ಕಿರುಗುಟ್ಟಬಾರದು. ಎಲ್ಲಾ ಡಿಸ್‌ಪ್ಲೇ ಪೋರ್ಟಿಗೂ ಕೇಬಲ್ ಹಾಕಿ ನೋಡು. ವಾರಂಟಿ ಬಾಕಿ ಇದ್ರೆ ಮೂಲ ಬಿಲ್ ಇಸ್ಕೋ. ಕೆಲವು ಕಂಪನಿ ಸೀರಿಯಲ್ ನಂಬರ್ ನೋಡಿ ಮಾಡಿಕೊಡ್ತಾವೆ, ಕೆಲವು ಬಿಲ್ ಇಲ್ಲದೆ ಮುಟ್ಟಲ್ಲ.

ಎಸ್‌ಪಿ ರೋಡ್ ಸುತ್ತಾಟ

ಬೆಂಗಳೂರಿಗೆ ಬಂದ್ರೆ ನಾನು ಜೊತೆಗೆ ಬರ್ತೀನಿ, ಭಾನುವಾರ ಬೇಡ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರತ್ತೆ. ಹೊಸ ಸಾಮಾನಿಗೆಲ್ಲ ಜಿಎಸ್‌ಟಿ ಬಿಲ್, ಸೀರಿಯಲ್ ನಂಬರ್ ಸಮೇತ. ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಉಳಿಯತ್ತೆ ಅಂತಾರೆ, ಒಪ್ಕೋಬೇಡ.

ಜೋಡಿಸಿದ ಮೇಲೆ ಬಯೋಸಲ್ಲಿ ಎಕ್ಸ್‌ಎಂಪಿ ಆನ್ ಮಾಡು, ಇಲ್ಲಾಂದ್ರೆ 3200ರ ರ್‍ಯಾಮ್ 2133ಕ್ಕೋ 2666ಕ್ಕೋ ಓಡ್ತಿರತ್ತೆ. ವಿಂಡೋಸಲ್ಲಿ ಮಾನಿಟರನ್ನ 100 ಹರ್ಟ್ಜ್‌ಗೆ ಕೈಯಾರೆ ಹಾಕ್ಬೇಕು, ತಾನಾಗೇ 60ರಲ್ಲಿ ನಿಂತಿರತ್ತೆ.

ಗಿರಿಮಳೆ

ಖಂಡಿತ ಬರ್ತೀನಿ ಅಣ್ಣ, ಅಪ್ಪನೂ ಬರ್ತಾರೆ. ಕೊನೇದಾಗಿ ಒಂದು: ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗೋದು ಬರೋದು ಲೆಕ್ಕವಿಲ್ಲ. ಮನೇಲಿ ಇನ್ವರ್ಟರ್ ಇದೆ. ಅದು ಸಾಕಾ, ಯುಪಿಎಸ್ ಬೇರೆ ಬೇಕಾ?

ಬೋರ್ಡ್ ಡಾಕ್ಟರ್

ಇನ್ವರ್ಟರ್ ಸೈನ್ ವೇವ್ ಐತೋ ಸ್ಕ್ವೇರ್ ವೇವ್ ಐತೋ ಮೊದಲ ನೋಡು. ಸ್ಕ್ವೇರ್ ಇದ್ರ ಕಂಪ್ಯೂಟರ್ ಅದಕ್ಕ ಹಚ್ಚಬ್ಯಾಡ. ಸೈನ್ ವೇವ್ ಇದ್ರ ಹಿಂದ ಒಂದು ಸಣ್ಣ ಸ್ವಿಚ್ ಇರತೈತಿ, ಯುಪಿಎಸ್ ಮೋಡ್ ಅಂತ. ಅದಕ್ಕ ಹಾಕಿದ್ರ ಬದಲಾಗೂದು ಲಗೂನ ಆಗತೈತಿ, ಕಂಪ್ಯೂಟರ್ ಆಫ್ ಆಗದಂಗ ಭಾಳ ಸಲ ತಡೀತೈತಿ. ಆದ್ರೂ ಆಫ್ ಆಗಾಕತ್ತಂದ್ರ 600 ವಿಎ ಯುಪಿಎಸ್ ಒಂದು ಇಡು. ಅಂಥಾವು ಸಾಮಾನ್ಯವಾಗಿ 360 ವ್ಯಾಟ್ ಕೊಡತಾವು, ನಿನ್ನ ಮಶೀನಿಗೆ ಸಾಕು. ಆಟ ಮುಂದುವರಸಾಕ ಅಲ್ಲ, ಸೇವ್ ಮಾಡಿ ಸರಿಯಾಗಿ ಬಂದ್ ಮಾಡಾಕ.

ಅದಕ್ಕಿಂತ ಮೊದಲ ಅರ್ಥಿಂಗ್ ನೋಡಸು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂತಂದ್ರ ಮೂರನೇ ಪಿನ್ನಿಗೆ ಭೂಮಿ ಸಂಪರ್ಕ ಇಲ್ಲಂತ ತಿಳಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್ ಸೋರಿಕೆಯ ಕರೆಂಟನ್ನ ಅರ್ಥಿಗೆ ಬಿಡತೈತಿ. ಅರ್ಥ್ ಇಲ್ಲದಿದ್ರ ಅದು ಡಬ್ಬಿ ಮ್ಯಾಲೆನ ನಿಂದರತೈತಿ. ಮನಿಗೆ ವೈರಿಂಗ್ ಮಾಡಿದಾವ್ರನ್ನ ಕರಸಿ ಅರ್ಥಿಂಗ್ ಗುಂಡಿ ತೋರ್ಸು, ಒಣಗಿದ್ರ ಉಪ್ಪು, ಇದ್ದಲಿ ಹಾಕಿ ನೀರು ಬಿಡಸು.

ಗಿರಿಮಳೆ

ನಮ್ಮನೆ ಫ್ರಿಜ್ ಮುಟ್ಟಿದ್ರೂ ಹಾಗೇ ಜುಮ್ ಅನ್ನತ್ತೆ. ಅಪ್ಪಂಗೆ ಇವತ್ತೇ ಹೇಳ್ತೀನಿ. ಸಿಡಿಲಿಗೆ ಏನು ಮಾಡೋದು? ಇಂಟರ್ನೆಟ್ ಫೈಬರ್.

ಬೋರ್ಡ್ ಡಾಕ್ಟರ್

ಫೈಬರ್ ಎಳಿ ಗಾಜು, ಅದರಾಗ ಸಿಡಿಲಿನ ಕರೆಂಟ್ ಹರಿಯೂದಿಲ್ಲ. ಬರೂದು ಆ ಮೋಡೆಮ್ಮಿನ ಅಡಾಪ್ಟರ್ ಹಿಡಕೊಂಡು, ಅಲ್ಲಿಂದ ಲ್ಯಾನ್ ಕೇಬಲ್‌ನ್ಯಾಗ ನಿನ್ನ ಬೋರ್ಡಿಗೆ. ಗುಡುಗು ಸುರು ಆತಂದ್ರ ಕಂಪ್ಯೂಟರ್ ಪ್ಲಗ್, ಮೋಡೆಮ್ ಪ್ಲಗ್, ಲ್ಯಾನ್ ಕೇಬಲ್ ಮೂರೂ ಕಿತ್ತಿಡು. ಸ್ವಿಚ್ ಆಫ್ ಮಾಡಿದ್ರ ಸಾಲೂದಿಲ್ಲ.